ಸೆಣಬಿನ ಊರಿನಲ್ಲಿ ಆಟದ ಕಾರ್ಖಾನೆ

ಸ್ಕಾಟ್ಲೆಂಡಿನ ರಾಜಧಾನಿಯಾದ ಎಡಿನ್‌ಬರೊದಿಂದ ಉತ್ತರಕ್ಕೆ ಹೊರಟ ರೈಲುಗಾಡಿಯು ಒಂದೂವರೆ ಗಂಟೆಯೊಳಗಾಗಿ ಟೇ ನದಿಯ ಅಳಿವೆಯನ್ನು ತಲಪುತ್ತದೆ. ನಮ್ಮ ಕಾಳಿ, ಶರಾವತಿಗಳ ಅಳಿವೆಯನ್ನು ಕಂಡವರು ಅದರ ವೈಶಾಲ್ಯವನ್ನು ಸುಲಭವಾಗಿ ಊಹಿಸಿಕೊಳ್ಳಬಹುದು. ಎರಡು ಮೈಲಿ ಉದ್ದದ ಸೇತುವೆಯ ಮೇಲೆ ಗಾಡಿ ಮೆಲ್ಲಗೆ ಬಳಸಿಕೊಂಡು ಸಾಗುವಾಗ ಕಿಟಕಿಯಿಂದ ಕೆಳಗೆ ನೋಡಿದರೆ, ಸೇತುವೆಯ ಪಕ್ಕದಲ್ಲೇ ನೀರಿನಿಂದ ತಲೆಯೆತ್ತಿ ನಿಂತ ಮೋಟು ಕಂಬಗಳ ಸಾಲೊಂದು ಕಾಣುತ್ತದೆ. ಅವು 1878ರಲ್ಲಿ ತೆರೆದ ಮೊದಲನೆಯ ಸೇತುವೆಯ ಅವಶೇಷಗಳು. 1879ನೆಯ ಇಸವಿ ಡಿಸೆಂಬರ್ 28ರ ರಾತ್ರಿ ಬಿರುಗಾಳಿಗೆ ಸಿಕ್ಕಿ ಆ ಸೇತುವೆ ಕುಸಿದಾಗ, ಅದರ ಮೇಲಿದ್ದ ರೈಲೂ ನೀರಿಗೆ ಬಿತ್ತು, ಒಬ್ಬರೂ ಉಳಿಯಲಿಲ್ಲ. ಊರಿನವರು ಎದೆಗೆಡಲಿಲ್ಲ. 1887ರ ಹೊತ್ತಿಗೆ ಅದರ ಮಗ್ಗುಲಲ್ಲೇ ಎರಡನೆಯದು ಸಿದ್ಧವಾಗಿತ್ತು. ಇಂದಿಗೂ ಗಾಡಿಗಳು ಓಡುತ್ತಿರುವುದು ಅದರ ಮೇಲೆಯೇ.

ಸೇತುವೆಯ ಆಚೆ ದಡದಲ್ಲಿ, ಲಾ ಎಂಬ ಹಳೆಯ ಜ್ವಾಲಾಮುಖಿಯ ಗುಡ್ಡವನ್ನು ಬೆನ್ನಿಗಿಟ್ಟುಕೊಂಡು, ನದಿಯ ಕಡೆ ಇಳಿಜಾರಾಗಿ ಹಬ್ಬಿರುವ ಊರೇ ಡಂಡೀ. ಜನಸಂಖ್ಯೆ ಒಂದೂವರೆ ಲಕ್ಷದ ಆಸುಪಾಸು. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ಜಿಲ್ಲಾ ಕೇಂದ್ರ. ಲಂಡನ್ನಿನಿಂದ ರೈಲಿನಲ್ಲಿ ಆರು ಗಂಟೆಗಳ ದಾರಿ. ಪ್ರವಾಸಿಗರಲ್ಲಿ ಹೆಚ್ಚಿನವರು ಎಡಿನ್‌ಬರೊದ ಕೋಟೆಯನ್ನು ನೋಡಿ ಅಲ್ಲಿಂದ ನೇರವಾಗಿ ಬೆಟ್ಟಗಾಡಿನ ಸರೋವರಗಳತ್ತ ಹೋಗಿಬಿಡುತ್ತಾರೆ. ನಾನೂ ಹಾಗೆಯೇ ಮಾಡುತ್ತಿದ್ದೆನೋ ಏನೋ. ಆದರೆ ನಮ್ಮ ಅಕ್ಕನ ಸಂಸಾರ ಆ ಊರಿನಲ್ಲಿದೆ. ಭಾವನವರು ಅಲ್ಲಿ ವೈದ್ಯರು. ಮಗ ಅಲ್ಲಿಯೇ ಕಲಿಯುತ್ತಿದ್ದಾನೆ. ಕಳೆದ ವರ್ಷ ಜೂನ್ ತಿಂಗಳಲ್ಲಿ ಮೂರು ವಾರ ಅವರ ಮನೆಯಲ್ಲಿದ್ದೆ. ರಾತ್ರಿ ಹತ್ತು ಗಂಟೆಯಾದರೂ ಬೆಳಕು ಆರದ ಆ ದಿನಗಳಲ್ಲಿ ಊರನ್ನು ಕಾಲ್ನಡಿಗೆಯಿಂದಲೇ ಅಳೆದೆನೆಂದು ಹೇಳಿದರೆ ಅತಿಶಯೋಕ್ತಿಯಾಗದು.

ಬರಿಯ ಕುತೂಹಲವೇ ನನ್ನನ್ನು ಹಾಗೆ ತಿರುಗಿಸಿತೆಂದಲ್ಲ. ಊರಿನಿಂದ ಹೊರಡುವಾಗ ಒಂದು ಪ್ರಶ್ನೆಯನ್ನೂ ಜೊತೆಗೆ ಕಟ್ಟಿಕೊಂಡು ಹೋಗಿದ್ದೆ.

ಪ್ರಶ್ನೆ ಕೇಳಿದವಳು ನಮ್ಮ ಕಾಲೇಜಿನ ಬಿ.ಸಿ.ಎ. ತರಗತಿಯ ಒಬ್ಬ ವಿದ್ಯಾರ್ಥಿನಿ. ನಾನು ಕನ್ನಡ ಕಲಿಸುವವನು. ಆದರೂ ಮಕ್ಕಳು ತಮ್ಮ ಎಲ್ಲ ಸಂಕಟಗಳನ್ನೂ ಕನ್ನಡದ ಮೇಷ್ಟರ ಬಳಿಗೇ ತರುವುದು ನಮ್ಮ ಕಾಲೇಜುಗಳಲ್ಲಿ ನಡೆದುಬಂದ ವಾಡಿಕೆ. ಶಿರಸಿಯಿಂದ ಹತ್ತು ಮೈಲಿ ಒಳಗೆ, ಅಡಿಕೆ ತೋಟದ ಅಂಚಿನಲ್ಲಿ ಅವಳ ಮನೆ. ಹುಡುಗಿಗೆ ವಿಡಿಯೋ ಗೇಮ್ ನಿರ್ಮಿಸುವ ಕಲೆಯಲ್ಲಿ ಅಪಾರ ಆಸಕ್ತಿ. ಪದವಿ ಮುಗಿಯುವ ಮೊದಲು ಯಾವುದಾದರೂ ಸಂಸ್ಥೆಯಲ್ಲಿ ಇಂಟರ್ನ್‌ಶಿಪ್, ಎಂದರೆ ಹಿಂದೆ ನಾವು ಅಪ್ರೆಂಟಿಸ್ ಎನ್ನುತ್ತಿದ್ದ ಕಲಿಕೆಯ ಕೆಲಸ, ಸಿಕ್ಕರೆ ಸಾಕೆಂಬುದು ಅವಳ ಹಂಬಲ. ಅಂಥ ಸಂಸ್ಥೆಗಳಿರುವುದು ಬೆಂಗಳೂರು, ಹೈದರಾಬಾದು, ಪುಣೆಗಳಲ್ಲಿ. ಶಿರಸಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಬಸ್ಸಿನ ಪ್ರಯಾಣ. ಸಂಬಳವಿಲ್ಲದೆ, ಬಾಡಿಗೆ ಕೊಟ್ಟು, ಅಲ್ಲಿ ಆರು ತಿಂಗಳು ಮಗಳನ್ನು ಇರಿಸಲು ಆ ಮನೆಯವರಿಗೆ ಸಾಧ್ಯವಿಲ್ಲ. ನಲವತ್ತು ಸಂಸ್ಥೆಗಳಿಗೆ ಅರ್ಜಿ ಬರೆದಿದ್ದಳು. ಒಂದರಿಂದಲೂ ಉತ್ತರವಿಲ್ಲ.

"ನಾನು ದೂರ ಇರೋದೇ ತಪ್ಪಾ ಸರ್?" ಎಂದು ಕೇಳಿದ್ದಳು. ಅವಳ ತಂದೆಯವರ ಪ್ರಶ್ನೆ ಇನ್ನೂ ನೇರವಾದದ್ದು: "ಆಟ ಕಟ್ಟೋದಕ್ಕೆ ಪಗಾರ ಕೊಡ್ತಾರಾ, ಮಾಸ್ತರ್ರೇ? ದೀಪಾವಳಿ ತನಕ ನೋಡ್ತೆ. ಆಗದಿದ್ದರೆ ಸೊಸೈಟಿಯಲ್ಲಿ ಗುಮಾಸ್ತೆ ಕೆಲಸ ಇದೆ, ಸೇರಲಿ." ಅವರು ಕಠಿಣ ಹೃದಯದವರೇನಲ್ಲ. ಕೊಳೆರೋಗಕ್ಕೆ ಸಿಕ್ಕಿದ ತೋಟ, ಕೈಯಲ್ಲಿರುವ ಸಾಲ, ಕಾಲೇಜಿಗೆ ಹೋಗಬೇಕಾದ ಇನ್ನೊಬ್ಬ ಮಗ — ಇವುಗಳ ನಡುವೆ ಒಬ್ಬ ತಂದೆ ಕೊಡಬಹುದಾದ ಗಡುವನ್ನೇ ಅವರು ಕೊಟ್ಟಿದ್ದರು.

ಈ ಪ್ರಶ್ನೆಗೆ ಉತ್ತರ ಡಂಡೀಯಲ್ಲಿ ಸಿಕ್ಕೀತೆಂದು ನಾನು ಅಲ್ಲಿಗೆ ಹೋದವನಲ್ಲ. ಆದರೆ ಊರಿನ ಚರಿತ್ರೆಯನ್ನು ತಿಳಿಯುತ್ತ ಹೋದಂತೆ, ಉದ್ಯೋಗ ಕೊಡುವವರಿಂದ ದೂರವಿರುವ ಸಂಕಟವನ್ನು ಇಡೀ ಊರಿಗೆ ಊರೇ ಅನುಭವಿಸಿದ ಕಥೆಯೊಂದು ನನ್ನ ಮುಂದೆ ಬಿಚ್ಚಿಕೊಂಡಿತು.

ಬಂಗಾಳದ ಸೆಣಬು, ಸ್ಕಾಟ್ಲೆಂಡಿನ ಗಿರಣಿ

ಹತ್ತೊಂಬತ್ತನೆಯ ಶತಮಾನದಲ್ಲಿ ಡಂಡೀ ಸೆಣಬಿನ ರಾಜಧಾನಿ. ನಮ್ಮ ಬಂಗಾಳದಲ್ಲಿ ಬೆಳೆದ ಸೆಣಬು ಹಡಗು ಹತ್ತಿ ಟೇ ನದಿಯ ಬಂದರಿಗೆ ಬರುತ್ತಿತ್ತು. ಒರಟಾದ ಆ ನಾರನ್ನು ಯಂತ್ರದಲ್ಲಿ ನೂಲುವುದು ಕಷ್ಟ. ನೀರಿನೊಡನೆ ತಿಮಿಂಗಿಲದ ಎಣ್ಣೆ ಬೆರೆಸಿ ನೆನೆಸಿದರೆ ಅದು ಮೆದುವಾಗುತ್ತದೆಂಬ ಉಪಾಯವನ್ನು ಅಲ್ಲಿನವರು ಕಂಡುಕೊಂಡರು. ತಿಮಿಂಗಿಲ ಬೇಟೆಯೂ ಆ ಬಂದರಿನ ಕಸುಬೇ ಆಗಿದ್ದರಿಂದ ಎಣ್ಣೆಗೆ ಕೊರತೆಯಿರಲಿಲ್ಲ. ಜಗತ್ತಿನ ಧಾನ್ಯ, ಕಾಫಿ, ಉಣ್ಣೆಗಳು ಡಂಡೀಯ ಗೋಣಿಚೀಲಗಳಲ್ಲಿ ತುಂಬಿ ಸಾಗಿದವು. ಗಿರಣಿಗಳಲ್ಲಿ ದುಡಿದವರಲ್ಲಿ ಹೆಂಗಸರೇ ಹೆಚ್ಚು. ಕೆಲಸವಿಲ್ಲದೆ ಮನೆಯಲ್ಲಿ ಕುಳಿತ ಗಂಡಸರನ್ನು 'ಕೆಟಲು ಕಾಯಿಸುವವರು' ಎಂದು ಊರು ಹಾಸ್ಯ ಮಾಡುತ್ತಿತ್ತಂತೆ.

ಆದರೆ ಸೆಣಬು ಬೆಳೆಯುವ ಕಡೆಯಲ್ಲೇ ಗಿರಣಿ ಹಾಕಿದರೆ ಹಡಗಿನ ಬಾಡಿಗೆ ಉಳಿಯುತ್ತದಲ್ಲವೆ? 1855ರಿಂದೀಚೆಗೆ ಹೂಗ್ಲಿ ನದಿಯ ದಡದಲ್ಲಿ ಗಿರಣಿಗಳೆದ್ದವು. ಅವುಗಳಿಗೆ ಯಂತ್ರಗಳನ್ನೂ ಮೇಲ್ವಿಚಾರಕರನ್ನೂ ಕಳುಹಿಸಿದ್ದು ಡಂಡೀಯೇ. ತನ್ನ ಪ್ರತಿಸ್ಪರ್ಧಿಯನ್ನು ತಾನೇ ಬೆಳೆಸಿದಂತಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಡಂಡೀಯ ಗಿರಣಿಗಳು ಒಂದೊಂದಾಗಿ ಬಾಗಿಲು ಹಾಕಿದವು. ಇಂದು ವರ್ಡೆಂಟ್ ವರ್ಕ್ಸ್ ಎಂಬ ಹಳೆಯ ಗಿರಣಿಯೊಂದನ್ನು ವಸ್ತುಸಂಗ್ರಹಾಲಯವಾಗಿ ಕಾಪಾಡಿದ್ದಾರೆ. ಅಲ್ಲಿ ಯಂತ್ರದ ಬಾಯಿಗೆ ಸೆಣಬಿನ ಎಳೆ ಸರಿಯುವುದನ್ನು ನೋಡುತ್ತ ನಿಂತಾಗ, ನಮ್ಮ ಮನೆಯ ಅಟ್ಟದ ಮೇಲಿನ ಅಡಿಕೆ ಗೋಣಿಗಳ ವಾಸನೆ ಸಾವಿರಾರು ಕಿಲೋಮೀಟರು ದಾಟಿ ಬಂದು ಮೂಗಿಗೆ ತಾಗಿತು.

ಸೆಣಬು ಹೋದ ಮೇಲೆ ಊರಿಗೆ ಹೊಸ ಅನ್ನ ಕೊಟ್ಟವುಗಳಲ್ಲಿ ಟೈಮೆಕ್ಸ್ ಕಂಪನಿಯ ಗಡಿಯಾರದ ಕಾರ್ಖಾನೆಯೂ ಒಂದು. 1980ರ ದಶಕದ ಆರಂಭದಲ್ಲಿ ಆ ಕಾರ್ಖಾನೆಗೆ ವಿಚಿತ್ರವಾದ ಕೆಲಸವೊಂದು ಬಂತು: ಸಿಂಕ್ಲೇರ್ ಕಂಪನಿಯ ಮನೆಬಳಕೆಯ ಕಂಪ್ಯೂಟರುಗಳ ತಯಾರಿಕೆ. 1982ರಲ್ಲಿ ಹೊರಬಂದ ಝಡ್ಎಕ್ಸ್ ಸ್ಪೆಕ್ಟ್ರಮ್ ಎಂಬ ಯಂತ್ರ ಈ ಊರಿನಲ್ಲೇ ತಯಾರಾಗುತ್ತಿತ್ತು. ಅದರ ಅಗ್ಗದ ಮಾದರಿಯ ಸ್ಮರಣಶಕ್ತಿ ಹದಿನಾರು ಕಿಲೋಬೈಟು. ಇಂದು ನಮ್ಮ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ಅದರಲ್ಲಿ ಹಿಡಿಸಲಾರದು. ಆದರೂ ಕೈಗೆಟುಕುವ ಬೆಲೆಯ ಆ ಪುಟ್ಟ ಪೆಟ್ಟಿಗೆಯಿಂದ ಕಾರ್ಮಿಕರ ಮನೆಯ ಮಕ್ಕಳೂ ಪ್ರೋಗ್ರಾಮ್ ಬರೆಯುವುದನ್ನು ಕಲಿತರು. 1993ರಲ್ಲಿ ಕಹಿಯಾದ ಮುಷ್ಕರವೊಂದರ ನಂತರ ಆ ಕಾರ್ಖಾನೆಯೂ ಮುಚ್ಚಿತು. ಅಷ್ಟರೊಳಗೆ ಬೀಜ ನೆಲಕ್ಕೆ ಬಿದ್ದಾಗಿತ್ತು.

ನಾಲ್ವರು ಗೆಳೆಯರ ಕೂಟ

1980ರ ದಶಕದ ನಡುವಿನಲ್ಲಿ ಕಿಂಗ್ಸ್‌ವೇ ತಾಂತ್ರಿಕ ಕಾಲೇಜಿನಲ್ಲಿ ಹವ್ಯಾಸಿಗಳ ಕಂಪ್ಯೂಟರ್ ಕೂಟವೊಂದು ಸೇರುತ್ತಿತ್ತು. ಡೇವಿಡ್ ಜೋನ್ಸ್, ಮೈಕ್ ಡೈಲಿ, ರಸೆಲ್ ಕೇ, ಸ್ಟೀವ್ ಹ್ಯಾಮಂಡ್ ಎಂಬ ನಾಲ್ವರು ಪರಿಚಯವಾದದ್ದು ಅಲ್ಲಿ. ತಾವು ಬರೆದದ್ದನ್ನು ಒಬ್ಬರಿಗೊಬ್ಬರು ತೋರಿಸುವುದು, ತಪ್ಪು ಹುಡುಕುವುದು, ಮತ್ತೆ ಬರೆಯುವುದು — ಇಷ್ಟೇ ಆ ಕೂಟದ ಕಾರ್ಯಕ್ರಮ. ಜೋನ್ಸ್ ಟೈಮೆಕ್ಸ್ ಕಾರ್ಖಾನೆಯಲ್ಲಿ ಕೆಲಸ ಕಲಿಯುತ್ತಿದ್ದ ತರುಣ. ಕಾರ್ಖಾನೆ ಜನರನ್ನು ಕಡಿಮೆ ಮಾಡತೊಡಗಿದಾಗ, ಬಿಡುಗಡೆಯ ಹಣ ಪಡೆದು ಹೊರಬಂದು, ಅದರಿಂದ ಅಮಿಗಾ ಎಂಬ ಹೊಸ ಕಂಪ್ಯೂಟರ್ ಕೊಂಡನು. ಅದರಲ್ಲಿ ಬರೆದ 'ಮೆನೇಸ್' ಎಂಬ ಆಟವನ್ನು 1988ರಲ್ಲಿ ಲಿವರ್‌ಪೂಲ್ ನಗರದ ಸಿಗ್ನೋಸಿಸ್ ಎಂಬ ಸಂಸ್ಥೆ ಪ್ರಕಟಿಸಿತು. ಈ ಗೆಳೆಯರ ಸಂಸ್ಥೆಗೆ ಡಿ.ಎಮ್.ಎ. ಡಿಸೈನ್ ಎಂದು ಹೆಸರಾಯಿತು.

1989ರ ಆಗಸ್ಟಿನಲ್ಲಿ ನಡೆದ ಒಂದು ಸಣ್ಣ ಸಂಗತಿ. ಮಧ್ಯಾಹ್ನದ ಊಟದ ವೇಳೆ. ಪರದೆಯ ಮೇಲೆ ಮನುಷ್ಯಾಕೃತಿಯೊಂದನ್ನು ಎಷ್ಟು ಚಿಕ್ಕದಾಗಿ ಬರೆಯಲು ಸಾಧ್ಯವೆಂಬ ಚರ್ಚೆ ಎದ್ದಿತು. ಎಂಟು ಚುಕ್ಕೆ ಉದ್ದ, ಎಂಟು ಚುಕ್ಕೆ ಅಗಲದ ಚೌಕದೊಳಗೆ ನಡೆಯುವ ಪುಟ್ಟ ಜೀವಿಗಳನ್ನು ಡೈಲಿ ಬರೆದು ತೋರಿಸಿದನು. ಸಾಲುಗಟ್ಟಿ ನಡೆದು ಯಂತ್ರಗಳಿಗೆ ಸಿಕ್ಕಿ ನಾಶವಾಗುವ ಅವುಗಳನ್ನು ನೋಡಿ ಎಲ್ಲರೂ ನಕ್ಕರು. ಇದರಲ್ಲೊಂದು ಆಟವಿದೆ ಎಂದು ರಸೆಲ್ ಕೇ ಹೇಳಿದನು. ಆ ಆಟವೇ 1991ರ ಫೆಬ್ರವರಿ 14ರಂದು ಪ್ರಕಟವಾದ 'ಲೆಮಿಂಗ್ಸ್'. ಹಿಂದು ಮುಂದು ನೋಡದೆ ನಡೆಯುವ ನೂರು ಜೀವಿಗಳಿಗೆ ಅಗೆಯುವ, ಕಟ್ಟುವ, ಹತ್ತುವ, ತಡೆದು ನಿಲ್ಲುವ ಕೆಲಸಗಳನ್ನು ಹಂಚಿ, ಅವುಗಳನ್ನು ಸುರಕ್ಷಿತವಾಗಿ ಮನೆ ಮುಟ್ಟಿಸುವುದೇ ಆಟದ ಗುರಿ. ಮೊದಲನೆಯ ದಿನವೇ 55,000 ಪ್ರತಿಗಳು ಮಾರಾಟವಾದವು.

ನನ್ನ ಗಮನವನ್ನು ಹೆಚ್ಚಾಗಿ ಸೆಳೆದದ್ದು ಈ ಅಂಕಿಯಲ್ಲ. ಕೆಲಸ ನಡೆದ ಬಗೆ. ಆಟ ಕಟ್ಟುವವರು ಡಂಡೀಯಲ್ಲಿ. ಪ್ರಕಾಶಕರು ನಾಲ್ಕು ನೂರು ಕಿಲೋಮೀಟರಿಗೂ ದೂರದ ಲಿವರ್‌ಪೂಲಿನಲ್ಲಿ. ಆಟದ ಹಂತಗಳನ್ನು ಇಲ್ಲಿ ರಚಿಸಿ ಅಲ್ಲಿಗೆ ಕಳುಹಿಸುತ್ತಿದ್ದರು. ಅಲ್ಲಿನವರು ಆಡಿ ನೋಡಿ, ಯಾವ ಹಂತಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಬರೆದು ಫ್ಯಾಕ್ಸಿನಲ್ಲಿ ತಿಳಿಸುತ್ತಿದ್ದರು. ಬರೆದ ವೇಳೆಯನ್ನು ಹೊಡೆದುಹಾಕಿ, ಮತ್ತೆ ಬರೆದು, ಮತ್ತೆ ಹೊಡೆದುಹಾಕಿದ ಹಾಳೆ ಬಂದರೆ ಇಲ್ಲಿನವರಿಗೆ ಸಂತೋಷ. ಒಗಟು ಚೆನ್ನಾಗಿ ಕಾಡಿದೆ ಎಂದು ಅದರ ಅರ್ಥ. ಇಂಟರ್ನೆಟ್ಟು ಮನೆಮನೆಗೆ ಬರುವುದಕ್ಕೆ ಮೊದಲೇ ದೂರದ ಊರಿನಲ್ಲಿ ಕುಳಿತು ಹೀಗೆ ಕೆಲಸ ಮಾಡಿದವರಿದ್ದರು. ಪ್ರಕಾಶಕರು ಅವರ ವಾಸಸ್ಥಳವನ್ನು ನೋಡಿ ಒಪ್ಪಿಕೊಳ್ಳಲಿಲ್ಲ; ಆಡಿ ನೋಡಬಹುದಾದ, ಮುಗಿದ ವಸ್ತುವೊಂದು ಅವರ ಕೈಗೆ ಬಂದಿತ್ತು.

ಸೋದರಳಿಯನ ಜೊತೆಯಲ್ಲಿ

ಪರ್ತ್ ರಸ್ತೆಯ ಸೀಬ್ರೇಸ್ ಎಂಬಲ್ಲಿ, ಕಂಬವೊಂದನ್ನು ಹತ್ತುತ್ತಿರುವ ಮೂರು ಲೆಮಿಂಗ್ ಬೊಂಬೆಗಳನ್ನು 2013ರಲ್ಲಿ ನಿಲ್ಲಿಸಿದ್ದಾರೆ. ಊರ ಮಧ್ಯದ ಹೈ ಸ್ಟ್ರೀಟಿನಲ್ಲಿ ಡೆಸ್ಪರೇಟ್ ಡ್ಯಾನ್ ಎಂಬ ಚಿತ್ರಕಥೆಯ ನಾಯಕನ ಪ್ರತಿಮೆಯೂ ಇದೆ. ಆ ಚಿತ್ರಕಥೆಗಳ ಪ್ರಕಾಶಕರಾದ ಡಿ.ಸಿ. ಥಾಮ್ಸನ್ ಅವರ ಕೆಂಪು ಕಲ್ಲಿನ ಸೌಧ ಅಲ್ಲಿಗೆ ಹತ್ತಿರವೇ. 1869ರಿಂದ ನಡೆದುಬಂದಿರುವ 'ದಿ ಪೀಪಲ್ಸ್ ಫ್ರೆಂಡ್' ಎಂಬ ವಾರಪತ್ರಿಕೆ ಈ ಸಂಸ್ಥೆಯದು. ಧಾರಾವಾಹಿಗಳೇ ಅದರ ಜೀವಾಳವೆಂದು ಹೇಳಿದರೆ ಈ ಪತ್ರಿಕೆಯ ವಾಚಕರಿಗೆ ಅದರ ಪರಿಚಯ ಮಾಡಿಕೊಟ್ಟಂತೆಯೇ ಸರಿ. ರಾಜಮಹಾರಾಜರ ಪ್ರತಿಮೆಗಳ ನಡುವೆ ಕಥೆಯ ಪಾತ್ರಗಳಿಗೂ ಆಟದ ಬೊಂಬೆಗಳಿಗೂ ಸ್ಥಾನ ಕೊಟ್ಟ ಊರಿನ ಮೇಲೆ ನನಗೆ ಪ್ರೀತಿ ಹುಟ್ಟಿತು.

ಅಕ್ಕನ ಮಗ ಓದುತ್ತಿರುವುದು ಆಬರ್ಟೇ ವಿಶ್ವವಿದ್ಯಾಲಯದಲ್ಲಿ. ಕಂಪ್ಯೂಟರ್ ಆಟಗಳಿಗೆಂದೇ ಜಗತ್ತಿನಲ್ಲಿ ಮೊದಲು ಪದವಿ ಶಿಕ್ಷಣವನ್ನು ಆರಂಭಿಸಿದ ಕೀರ್ತಿ ಅದರದು, ವರ್ಷ 1997. ಅಲ್ಲಿ ಓದುವವರಿಗೆ ಬಾಗಿಲಲ್ಲೇ ಕೆಲಸ ಕಾದಿರುತ್ತದೆಂದು ನಾನು ಭಾವಿಸಿದ್ದೆ. ಒಂದು ಸಂಜೆ ನದಿಯ ದಡದಲ್ಲಿ ನಡೆಯುತ್ತಿದ್ದಾಗ ಹುಡುಗ ನಕ್ಕುಬಿಟ್ಟನು.

"ಇಲ್ಲ ಮಾವ. ನಮ್ಮ ತರಗತಿಯವರಿಗೆಲ್ಲ ಸಾಲುವಷ್ಟು ಸ್ಟುಡಿಯೋಗಳು ಈ ಊರಿನಲ್ಲಿಲ್ಲ. ನಾನೂ ದೂರದೂರಕ್ಕೆ ಅರ್ಜಿ ಹಾಕುತ್ತಿದ್ದೇನೆ. ನಿಮ್ಮ ವಿದ್ಯಾರ್ಥಿನಿ ಏನು ಕಳಿಸಿದ್ದಾಳೆ?"

"ಅರ್ಜಿ, ಅಂಕಪಟ್ಟಿ, ನಾನು ಕೊಟ್ಟ ಯೋಗ್ಯತಾಪತ್ರ."

"ಆಟ?"

"ದೊಡ್ಡದೊಂದನ್ನು ಕಟ್ಟುತ್ತಿದ್ದಾಳಂತೆ. ಇನ್ನೂ ಮುಗಿದಿಲ್ಲ."

"ಹಾಗಾದರೆ ಅವರ ಮುಂದೆ ನೋಡುವುದಕ್ಕೆ ಏನೂ ಇಲ್ಲವಲ್ಲ ಮಾವ! ಐದೇ ನಿಮಿಷದ ಆಟ ಸಾಕು, ಆದರೆ ಮುಗಿದಿರಬೇಕು. ಕೊಂಡಿ ಒತ್ತಿದ ಕೂಡಲೇ ತೆರೆಯಬೇಕು."

ಈ ಮಾತಿನ ಬೆನ್ನಿಗೇ ಅವನು ಊರಿನ ಕಷ್ಟದ ಕಥೆಯನ್ನೂ ಹೇಳಿದನು. ಡೇವಿಡ್ ಜೋನ್ಸ್ 2002ರಲ್ಲಿ ಸ್ಥಾಪಿಸಿದ ರಿಯಲ್‌ಟೈಮ್ ವರ್ಲ್ಡ್ಸ್ ಎಂಬ ಕಂಪನಿ ವರ್ಷಗಟ್ಟಲೆ ದುಡಿದು 2010ರಲ್ಲಿ ಬೃಹತ್ತಾದ ಆಟವೊಂದನ್ನು ಹೊರತಂದಿತು. ಜನ ಅದನ್ನು ಸ್ವೀಕರಿಸಲಿಲ್ಲ. ಕೆಲವೇ ವಾರಗಳಲ್ಲಿ ಕಂಪನಿ ಕುಸಿದು ನೂರಾರು ಮಂದಿ ಒಮ್ಮೆಗೇ ಕೆಲಸ ಕಳೆದುಕೊಂಡರು. ಕೆಲವರು ಊರು ಬಿಟ್ಟರು. ಕೆಲವರು ಅಲ್ಲಿಯೇ ಉಳಿದು ಸಣ್ಣ ಸಣ್ಣ ಸ್ಟುಡಿಯೋಗಳನ್ನು ಕಟ್ಟಿಕೊಂಡರು. ಇನ್ನೊಂದು ಕಡೆ, ಸ್ವೀಡನ್ನಿನಲ್ಲಿ ಹುಟ್ಟಿದ 'ಮೈನ್‌ಕ್ರಾಫ್ಟ್' ಆಟವನ್ನು ಎಕ್ಸ್‌ಬಾಕ್ಸ್ ಯಂತ್ರಕ್ಕೆ ಹೊಂದಿಸಿ 2012ರಲ್ಲಿ ಸಿದ್ಧಪಡಿಸಿದ್ದು ಡಂಡೀಯಲ್ಲಿ ನೆಲೆಯಿದ್ದ 4ಜೆ ಸ್ಟುಡಿಯೋಸ್. ಆಟದ ಲೋಕದಲ್ಲಿ ಕೆಲಸ ದೂರದಿಂದ ಬರುವುದೂ ಉಂಟು, ಇದ್ದ ಕೆಲಸ ಒಂದೇ ರಾತ್ರಿಯಲ್ಲಿ ಹೋಗುವುದೂ ಉಂಟು. ಮಕ್ಕಳನ್ನು ಈ ದಾರಿಗೆ ಬಿಡುವ ತಂದೆತಾಯಿಗಳು ಎರಡನ್ನೂ ತಿಳಿದಿರಬೇಕು.

ಬೆಂಗಳೂರಿನ ನಂಟು

ಡಂಡೀಗೂ ನಮ್ಮ ಬೆಂಗಳೂರಿಗೂ ಸಂಬಂಧವೊಂದಿದೆ. ಡಿ.ಎಮ್.ಎ. ಡಿಸೈನ್ 1997ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ' ಎಂಬ ಆಟವನ್ನು ಹೊರತಂದಿತು. ಅದರ ವಸ್ತು ಚಿಕ್ಕ ಮಕ್ಕಳಿಗೆ ತಕ್ಕದ್ದಲ್ಲವಾದರೂ ಅದರ ಯಶಸ್ಸು ಮಾತ್ರ ಅಸಾಧಾರಣವಾದದ್ದು. ಸಂಸ್ಥೆ ಎಡಿನ್‌ಬರೊಗೆ ಸ್ಥಳಾಂತರವಾಗಿ, 2002ರಲ್ಲಿ ರಾಕ್‌ಸ್ಟಾರ್ ನಾರ್ತ್ ಎಂಬ ಹೆಸರನ್ನು ಪಡೆಯಿತು. ಅದೇ 1997ರಲ್ಲಿ ಬೆಂಗಳೂರಿನಲ್ಲಿ ರಾಜೇಶ್ ರಾವ್ ಎಂಬುವರು ಧ್ರುವ ಇಂಟರ್ಯಾಕ್ಟಿವ್ ಎಂಬ ಸಂಸ್ಥೆಯನ್ನು ಆರಂಭಿಸಿದರು. ಭಾರತದಲ್ಲಿ ಆಟದ ಉದ್ಯಮವೆಂಬುದೇ ಇಲ್ಲದ ಕಾಲ ಅದು. ಉದ್ಯೋಗದಾತರೆಲ್ಲ ಸಮುದ್ರದಾಚೆ, ಇಲ್ಲಿನ ಕಲಾವಿದರು ಇಲ್ಲಿಯೇ ಕುಳಿತು ಅವರ ಆಟಗಳಿಗೆ ವಾಹನಗಳನ್ನೂ ಪಾತ್ರಗಳನ್ನೂ ರಚಿಸಿಕೊಟ್ಟರು. ಇಪ್ಪತ್ತೆರಡು ವರ್ಷಗಳ ನಂತರ, 2019ರಲ್ಲಿ, ರಾಕ್‌ಸ್ಟಾರ್ ಸಂಸ್ಥೆ ಧ್ರುವವನ್ನು ಕೊಂಡು ತನ್ನ ಬೆಂಗಳೂರು ಶಾಖೆಯೊಡನೆ ಸೇರಿಸಿಕೊಂಡಿತು. 2020ರಲ್ಲಿ ಡಂಡೀಯ ಸ್ಟುಡಿಯೋವೊಂದನ್ನೂ ಕೊಂಡು ರಾಕ್‌ಸ್ಟಾರ್ ಡಂಡೀ ಎಂದು ಹೆಸರಿಟ್ಟಿತು. ಸೆಣಬಿನಿಂದ ಕಲ್ಕತ್ತೆಗೆ ಕೂಡಿದ್ದ ಊರು ಈಗ ಆಟದಿಂದ ಬೆಂಗಳೂರಿಗೆ ಕೂಡಿದೆ.

ಶಿರಸಿಯ ಮಳೆಗಾಲ

ಜುಲೈ ಮೊದಲ ವಾರ ಊರಿಗೆ ಮರಳಿದಾಗ ಮಳೆ ಹಿಡಿದುಕೊಂಡಿತ್ತು. ವಿದ್ಯಾರ್ಥಿನಿಯನ್ನು ಕರೆದು ಕಂಡದ್ದನ್ನೆಲ್ಲ ಹೇಳಿದೆ. ಅರ್ಧಕ್ಕೆ ನಿಂತಿದ್ದ ದೊಡ್ಡ ಆಟವನ್ನು ಬದಿಗಿಡುವುದು ಅವಳಿಗೆ ಸುಲಭವಾಗಲಿಲ್ಲ. ಎರಡು ವರ್ಷದ ಕನಸು ಅದು. ಒಂದು ವಾರ ನನ್ನ ಕಡೆ ಸುಳಿಯಲೇ ಇಲ್ಲ. ಆಮೇಲೆ ಬಂದವಳು ಒಂಟಿಯಾಗಿ ಬರಲಿಲ್ಲ. ಚಿತ್ರ ಬರೆಯುವ ಒಬ್ಬ ಗೆಳತಿಯೂ, ಹಾರ್ಮೋನಿಯಂ ನುಡಿಸುವ ಸಿದ್ದಾಪುರದ ಹುಡುಗನೊಬ್ಬನೂ ಜೊತೆಗಿದ್ದರು. "ಕಾಲುಸಂಕದ ಆಟ ಮಾಡ್ತೇವೆ ಸರ್," ಎಂದಳು.

ಮಲೆನಾಡಿನವರಿಗೆ ಕಾಲುಸಂಕವೆಂದರೇನೆಂದು ಹೇಳಬೇಕಾಗಿಲ್ಲ. ಅಡಿಕೆ ಮರಗಳನ್ನು ಜೋಡಿಸಿ ಹಳ್ಳಕ್ಕೆ ಅಡ್ಡಲಾಗಿ ಹಾಕಿದ ಇಕ್ಕಟ್ಟಾದ ದಾಟು ಅದು. ಹಳ್ಳ ಏರುವ ಮುನ್ನ ಶಾಲೆಯ ಮಕ್ಕಳನ್ನು ಒಬ್ಬೊಬ್ಬರಾಗಿ ಆಚೆ ದಾಟಿಸುವುದೇ ಆಟ. ಐದೇ ಹಂತಗಳು. 2014ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿರುವ ಗೋಡಾಟ್ ಎಂಬ ತಂತ್ರಾಂಶದಲ್ಲಿ ಅದನ್ನು ಕಟ್ಟಿದರು. ಅವಳ ಹಳೆಯ ಲ್ಯಾಪ್‌ಟಾಪು ಅದಕ್ಕೆ ಸಾಕಾಯಿತು. ಮಳೆಯ ಸದ್ದನ್ನು ಮನೆಯ ಜಗುಲಿಯಲ್ಲೇ ಮುದ್ರಿಸಿಕೊಂಡರು. ಮುಗಿದ ಮೇಲೆ ಕಿರಿಯ ತರಗತಿಯ ಹತ್ತು ಮಕ್ಕಳಿಗೆ ಆಡಲು ಕೊಟ್ಟು, ಬಾಯಿ ಬಿಡದೆ ಹಿಂದೆ ನಿಂತು, ಎಲ್ಲಿ ತಡವರಿಸುತ್ತಾರೆಂದು ಬರೆದುಕೊಂಡರು. ಎರಡನೆಯ ಹಂತದಲ್ಲಿ ಹತ್ತರಲ್ಲಿ ಎಂಟು ಮಂದಿ ಸಿಕ್ಕಿಬಿದ್ದರು. ಅದನ್ನು ತಿದ್ದಿದರು. ಹೀಗೆ ಎಂಟು ವಾರಗಳು ಕಳೆದವು. ಇಚ್.ಐಒ ಎಂಬ ತಾಣದಲ್ಲಿ ಆಟವನ್ನು ಏರಿಸಿ, ಕೊಂಡಿ ಒತ್ತಿದವರು ಅಲ್ಲಿಯೇ ಆಡುವಂತೆ ಮಾಡಿದರು.

ಈ ಬಾರಿ ಅವಳು ಬರೆದದ್ದು ನಲವತ್ತು ಪತ್ರಗಳನ್ನಲ್ಲ, ಆರೇ ಆರು. ಆರೂ ಸಣ್ಣ ಸ್ಟುಡಿಯೋಗಳು. ಪ್ರತಿಯೊಂದರ ಒಂದಾದರೂ ಆಟವನ್ನು ಆಡಿ ನೋಡಿದ ಮೇಲೆಯೇ ಬರೆದದ್ದು. ಪತ್ರ ಹತ್ತು ಸಾಲು ಮೀರಿರಲಿಲ್ಲ: ತಾನು ಯಾರು, ತಂಡದ ಕೆಲಸದಲ್ಲಿ ತನ್ನ ಪಾಲು ಯಾವುದು, ಆಟದ ಕೊಂಡಿ, ಮಕ್ಕಳು ಆಡಿದಾಗ ಕಲಿತದ್ದೇನು, ಮನೆಯಿಂದ ವಾರಕ್ಕೆ ಎಷ್ಟು ಗಂಟೆ ದುಡಿಯಬಲ್ಲೆ, ಬೆಂಗಳೂರಿಗೆ ಎಷ್ಟು ದಿನ ಬರಬಲ್ಲೆ. ದೂರದ ಊರಿನವಳೆಂಬುದನ್ನು ಮುಚ್ಚಿಡಲೂ ಇಲ್ಲ, ಅದಕ್ಕಾಗಿ ಕ್ಷಮೆ ಕೇಳಲೂ ಇಲ್ಲ. ಇಬ್ಬರು ಉತ್ತರಿಸಿದರು. ಒಬ್ಬರು, ಸದ್ಯಕ್ಕೆ ಸ್ಥಾನವಿಲ್ಲವೆಂದು ಹೇಳಿ, ಮೂರನೆಯ ಹಂತದ ಲೋಪವೊಂದನ್ನು ತೋರಿಸಿದ್ದರು. ಇನ್ನೊಬ್ಬರು ಎರಡು ದಿನದ ಚಿಕ್ಕ ಕೆಲಸವೊಂದನ್ನು ಕೊಟ್ಟು, ಅನಂತರ ವಿಡಿಯೋ ಮೂಲಕ ಮಾತನಾಡಲು ಕರೆದರು. ಹಳ್ಳಿಯಲ್ಲಿ ಕರೆಂಟನ್ನು ನಂಬುವಂತಿಲ್ಲವೆಂದು ಅವಳು ಆ ದಿನ ಬೆಳಿಗ್ಗೆಯೇ ಬಂದು ನಮ್ಮ ಕಾಲೇಜಿನ ಗ್ರಂಥಾಲಯದ ಮೂಲೆಯಲ್ಲಿ ಕುಳಿತಿದ್ದಳು. ಹೊರಗೆ ಬೆಂಚಿನ ಮೇಲೆ ತಂದೆ, ಕೊಡೆ ಹಿಡಿದುಕೊಂಡು.

ದೀಪಾವಳಿಗೆ ಹನ್ನೆರಡು ದಿನ ಉಳಿದಿದ್ದಾಗ ಪತ್ರ ಬಂತು. ಮೂರು ತಿಂಗಳ ಇಂಟರ್ನ್‌ಶಿಪ್. ಕೆಲಸ, ಆಟದ ಪರೀಕ್ಷೆ ಮತ್ತು ಸಣ್ಣಪುಟ್ಟ ತಿದ್ದುಪಡಿ. ಹತ್ತು ವಾರ ಮನೆಯಿಂದ, ಉಳಿದ ವಾರಗಳು ಬೆಂಗಳೂರಿನಲ್ಲಿ. ವೇತನ ಅಲ್ಪವೇ, ಆದರೆ ಇದೆ. ಬೆಂಗಳೂರಿನ ವಾರಗಳಿಗೆ ರಾಜಾಜಿನಗರದ ಚಿಕ್ಕಮ್ಮನ ಮನೆ ಒದಗಿತು. ತಂದೆಯವರು ಪತ್ರವನ್ನು ನನ್ನಿಂದ ಎರಡು ಸಲ ಓದಿಸಿ, "ಅಂತೂ ಪಗಾರ ಕೊಡ್ತಾರೆ ಅಂತಾಯ್ತು," ಎಂದಷ್ಟೇ ಹೇಳಿದರು. ಸೊಸೈಟಿಯ ಕೆಲಸವನ್ನು ಬೇರೊಬ್ಬರಿಗೆ ಬಿಟ್ಟುಕೊಟ್ಟರು. ಮೂರು ತಿಂಗಳು ಮುಗಿದ ಮೇಲೆ ಅವಳಿಗೆ ಅಲ್ಲಿ ಖಾಯಂ ಕೆಲಸ ಸಿಕ್ಕಲಿಲ್ಲ. ಆದರೆ ಆ ಸ್ಟುಡಿಯೋದ ಹಿರಿಯರೊಬ್ಬರ ಶಿಫಾರಸಿನಿಂದ ಇನ್ನೊಂದು ಕಡೆ ಆರು ತಿಂಗಳ ಕೆಲಸ ದೊರೆತು, ಈಗ ಅದನ್ನು ಮಾಡುತ್ತಿದ್ದಾಳೆ. ಚಿತ್ರ ಬರೆದ ಗೆಳತಿ ಇನ್ನೂ ಅರ್ಜಿ ಹಾಕುತ್ತಿದ್ದಾಳೆ. ಮೂವರಿಗೂ ಒಟ್ಟಿಗೇ ಸುಖಾಂತವಾಯಿತೆಂದು ಬರೆಯಲು ಇದು ಧಾರಾವಾಹಿಯಲ್ಲವಷ್ಟೆ.

ಮನೆಯವರಿಗೆ ಎರಡು ಮಾತು

ಇಂಥ ಆಸೆಯಿರುವ ಮಕ್ಕಳು ಇಂದು ಸಾಗರ, ಸಿಂಧನೂರು, ಕೊಳ್ಳೇಗಾಲಗಳಲ್ಲೂ ಇದ್ದಾರೆ. ಅವರ ಮನೆಯವರಿಗಾಗಿ ಕೆಲವು ಸಂಗತಿಗಳನ್ನು ಹೇಳಬೇಕೆನಿಸುತ್ತದೆ. ಊರಿನಲ್ಲಿ ಜೊತೆಗಾರರು ಸಿಗದಿದ್ದರೆ ಗೇಮ್ ಜಾಮ್ ಎಂಬ ಸ್ಪರ್ಧೆಗಳುಂಟು. ಒಂದು ವಿಷಯ ಕೊಟ್ಟು ಎರಡು ಮೂರು ದಿನಗಳಲ್ಲಿ ಆಟ ಕಟ್ಟಬೇಕು. 2009ರಿಂದ ಪ್ರತಿ ಜನವರಿಯಲ್ಲೂ ನಡೆದುಬಂದಿರುವ ಗ್ಲೋಬಲ್ ಗೇಮ್ ಜಾಮ್ ಇವುಗಳಲ್ಲಿ ಪ್ರಸಿದ್ಧವಾದದ್ದು. ಗೋಡಾಟ್‌ನಂಥ ಮುಕ್ತ ತಂತ್ರಾಂಶಗಳ ಸಣ್ಣ ಲೋಪವೊಂದನ್ನು ತಿದ್ದಿ ಕಳುಹಿಸಿದರೆ, ಅನುಭವಿಗಳು ಅದನ್ನು ಪರಿಶೀಲಿಸಿ ತಪ್ಪುಒಪ್ಪು ಹೇಳುತ್ತಾರೆ. ಕಾಸು ಖರ್ಚಿಲ್ಲದ ಗುರುಕುಲವದು. ಆಟದಲ್ಲಿ ದೋಷ ಕಂಡಾಗ, ಏನು ಮಾಡಿದೆ, ಏನು ಆಗಬೇಕಾಗಿತ್ತು, ಏನು ಆಯಿತು ಎಂಬ ಮೂರನ್ನು ಸ್ಪಷ್ಟವಾಗಿ ಬರೆಯಲು ಕಲಿತವರು ದೂರದಿಂದಲೂ ಉಪಯೋಗಕ್ಕೆ ಬರುತ್ತಾರೆ. ಇದು ಭಾಷೆಯ ಮೇಷ್ಟರಿಗೆ ಸಂತೋಷ ಕೊಡುವ ಮಾತು.

ಎಚ್ಚರಿಕೆಯೂ ಬೇಕು. ಇಂಟರ್ನ್‌ಶಿಪ್ ಕೊಡುತ್ತೇವೆಂದು ಹೇಳಿ ನಮ್ಮಿಂದಲೇ ಹಣ ಕೇಳುವವರು ಉದ್ಯೋಗದಾತರಲ್ಲ, ಪ್ರಮಾಣಪತ್ರದ ವ್ಯಾಪಾರಿಗಳು. ಪರೀಕ್ಷೆಯ ಹೆಸರಿನಲ್ಲಿ ವಾರಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವವರಿಂದಲೂ ದೂರವಿರುವುದು ಮೇಲು. ಅವಧಿ, ವೇತನ, ಕೆಲಸ ಕಲಿಸುವ ಹಿರಿಯರು ಯಾರು, ಮಾಡಿದ್ದನ್ನು ಮುಂದೆ ತೋರಿಸಿಕೊಳ್ಳಲು ಅನುಮತಿ ಇದೆಯೇ — ಇಷ್ಟನ್ನು ಬರಹದಲ್ಲಿ ಪಡೆದ ಮೇಲೆಯೇ ಒಪ್ಪಬೇಕು. ಸಾಧ್ಯವಾದರೆ ಕೆಲವು ದಿನಗಳಾದರೂ ಕಛೇರಿಗೆ ಹೋಗಿ ಬರಬೇಕು. ಪಕ್ಕದಲ್ಲಿ ಕುಳಿತವರಿಂದ ಕಲಿಯುವುದನ್ನು ಪರದೆ ಪೂರ್ತಿಯಾಗಿ ಕೊಡಲಾರದೆಂದು ನಮ್ಮ ಹುಡುಗಿಯೇ ಹೇಳಿದಳು.

"ದೂರ ಇರೋದೇ ತಪ್ಪಾ?" ಎಂದು ಅವಳು ಕೇಳಿದ್ದಕ್ಕೆ ಈಗ ನಾನು ಉತ್ತರ ಕೊಡಬಲ್ಲೆ. ತಪ್ಪಲ್ಲ, ಆದರೆ ಅದಕ್ಕೆ ಬೆಲೆ ತೆರಬೇಕಾಗುತ್ತದೆ. ನಗರದ ಹುಡುಗ ಮುಖಪರಿಚಯದಿಂದ ಒಳಗೆ ಹೋಗಬಹುದಾದ ಕಡೆ, ದೂರದವಳು ತನ್ನ ಕೈಕೆಲಸವನ್ನು ಮುಂದಾಗಿ ಕಳುಹಿಸಬೇಕಾಗುತ್ತದೆ. ಡಂಡೀಯ ಗೆಳೆಯರೂ ಹಾಗೆಯೇ ಮಾಡಿದರು. ಈ ವರ್ಷ ನಮ್ಮ ಕಾಲೇಜಿನಲ್ಲಿ ಶನಿವಾರದ ಮಧ್ಯಾಹ್ನ ಒಂದು ಕೋಣೆಯನ್ನು ಇಂಥ ಮಕ್ಕಳಿಗಾಗಿ ತೆರೆದಿಡಲು ಪ್ರಾಂಶುಪಾಲರು ಒಪ್ಪಿದ್ದಾರೆ. ಮೊದಲ ದಿನ ಹದಿನಾಲ್ಕು ಮಂದಿ ಬಂದಿದ್ದರು. ಮೂರು ಕಂಪ್ಯೂಟರುಗಳಿವೆ, ಒಂದು ಆಗಾಗ ನಿಂತುಬಿಡುತ್ತದೆ.